ನ್ಯೂಟನ್ನನ ನಿಯಮ ಮತ್ತು ಪ್ರತಿಗಾಮಿ ರಾಜಕಾರಣ

ಇರುವುದನ್ನು ಉಳಿಸಿಕೊಳ್ಳಬಯಸುವವನು ಸಂಪ್ರದಾಯವಾದಿ. ಆಗಿಹೋದ ಬದಲಾವಣೆಯನ್ನು ಅಳಿಸಿ ಹಿಂದಿನ ವ್ಯವಸ್ಥೆಯನ್ನೇ ಮರಳಿ ತರಹೊರಟವನು ಪ್ರತಿಗಾಮಿ, ಅಂದರೆ ‘ರಿಯಾಕ್ಷನರಿ’. ಈ ಎರಡನೆಯ ಪದ ರಾಜಕೀಯಕ್ಕೆ ಬಂದದ್ದು ಭೌತವಿಜ್ಞಾನದ ನೆರಳಿನಲ್ಲಿ ಎಂಬುದು ನನಗೆ ಸದಾ ಬೆರಗು ಹುಟ್ಟಿಸುವ ಸಂಗತಿ.

1687ರಲ್ಲಿ ನ್ಯೂಟನ್ ಮಂಡಿಸಿದ ಮೂರನೆಯ ಚಲನ ನಿಯಮದ ನಂತರ ‘ಕ್ರಿಯೆ’ ಮತ್ತು ‘ಪ್ರತಿಕ್ರಿಯೆ’ (ರಿಯಾಕ್ಷನ್) ಯುರೋಪಿನ ವಿದ್ಯಾವಂತರ ನಾಲಗೆಯ ಮೇಲೆ ಜೋಡಿಪದಗಳಾದವು. 1734ರಲ್ಲಿ ರೋಮನ್ನರ ಏಳುಬೀಳುಗಳನ್ನು ಕುರಿತು ಬರೆದ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ, ಸಮಾಜದ ಭಾಗಗಳ ಸಾಮರಸ್ಯವನ್ನು ವಿವರಿಸಲು ಇದೇ ಜೋಡಿಯನ್ನು ಬಳಸಿದ. ಫ್ರೆಂಚ್ ವಿದುಷಿ ಎಮಿಲಿ ದು ಶಾತಲೆ ಮಾಡಿದ ನ್ಯೂಟನ್ನನ ಗ್ರಂಥದ ಫ್ರೆಂಚ್ ಅನುವಾದ 1759ರಲ್ಲಿ ಪ್ರಕಟವಾಯಿತು. ಮುಂದೆ 1794ರ ಜುಲೈ 27ರಂದು ಫ್ರೆಂಚ್ ಕ್ರಾಂತಿಯ ಉಗ್ರ ನಾಯಕ ರೋಬೆಸ್‌ಪಿಯರ್ ಪದಚ್ಯುತನಾಗಿ ಮರುದಿನವೇ ಗಿಲೊಟಿನ್‌ಗೆ ಬಲಿಯಾದ. ಅವನ ಕ್ರಾಂತಿಕಾರಿ ಬಣದ ಸಂಘವಾದ ಪ್ಯಾರಿಸ್ಸಿನ ಜಾಕೊಬಿನ್ ಕ್ಲಬ್ ಮುಚ್ಚಿತು, ಬೆಲೆ ನಿಯಂತ್ರಣ ರದ್ದಾಯಿತು, 1795ರಲ್ಲಿ ಲಿಯಾನ್, ಮಾರ್ಸೇಲ್‌ಗಳ ಸೆರೆಮನೆಗಳಲ್ಲಿ ಜಾಕೊಬಿನ್ನರ ಕಗ್ಗೊಲೆಗಳು ನಡೆದವು. ಕ್ರಾಂತಿಯ ವಿರುದ್ಧ ತಿರುಗಿದ ಈ ಅಲೆಗೆ ‘ಪ್ರತಿಕ್ರಿಯೆ’ ಎಂಬ ಹೆಸರು ನಿಂತಿತು.

ಹೆಸರಿನೊಡನೆ ಒಂದು ತಪ್ಪು ಕಲ್ಪನೆಯೂ ಬೇರೂರಿತು. ಪ್ರತಿ ಕ್ರಿಯೆಗೂ ಪ್ರತಿಕ್ರಿಯೆ ಇದ್ದೇ ಇರುತ್ತದೆ, ಅದು ನಿಸರ್ಗ ನಿಯಮ ಎಂದು ಹೇಳಿ ರಾಜಕೀಯ ಸೇಡನ್ನು ಸಮರ್ಥಿಸುವವರು ಇಂದಿಗೂ ಇದ್ದಾರೆ. ನ್ಯೂಟನ್ ಹೇಳಿದ್ದು ಅದಲ್ಲ. ದೋಣಿಯಿಂದ ದಡಕ್ಕೆ ಹಾರುವವನು ದೋಣಿಯನ್ನು ಹಿಂದಕ್ಕೆ ತಳ್ಳುತ್ತಾನೆ, ಅದೇ ಕ್ಷಣದಲ್ಲಿ ದೋಣಿ ಅವನನ್ನು ಮುಂದಕ್ಕೆ ತಳ್ಳುತ್ತದೆ. ಈ ಎರಡು ಬಲಗಳಲ್ಲಿ ಮೊದಲನೆಯದು, ಅದಕ್ಕೆ ಉತ್ತರವಾಗಿ ಬಂದದ್ದು ಎಂಬ ಭೇದವಿಲ್ಲ; ಯಾವುದನ್ನು ಬೇಕಾದರೂ ಕ್ರಿಯೆ ಎನ್ನಬಹುದು. ಅವು ಪರಿಮಾಣದಲ್ಲಿ ಸದಾ ಸಮ, ಮತ್ತು ಬೇರೆ ಬೇರೆ ಕಾಯಗಳ ಮೇಲೆ ವರ್ತಿಸುವುದರಿಂದ ಒಂದನ್ನೊಂದು ರದ್ದುಮಾಡುವುದಿಲ್ಲ. ರಾಜಕೀಯ ಪ್ರತಿಕ್ರಿಯೆಯಾದರೋ ತಿಂಗಳುಗಳ ನಂತರ ಬರುತ್ತದೆ, ಅದೇ ಸಮಾಜದ ಮೇಲೆ ಎರಗುತ್ತದೆ, ಅದರ ಪ್ರಮಾಣಕ್ಕೆ ಯಾವ ಸಮೀಕರಣವೂ ಇಲ್ಲ. ಮುಖ್ಯವಾಗಿ, ಅದನ್ನು ಮನುಷ್ಯರು ಯೋಚಿಸಿ ನಿರ್ಧರಿಸುತ್ತಾರೆ. ದೋಣಿಗೆ ಆ ಆಯ್ಕೆ ಇಲ್ಲ.

1797ರಲ್ಲಿ ಸ್ವಿಸ್-ಫ್ರೆಂಚ್ ರಾಜಕೀಯ ಚಿಂತಕ ಬೆಂಜಮಿನ್ ಕಾನ್ಸ್ಟಾಂಟ್ ರಾಜಕೀಯ ಪ್ರತಿಕ್ರಿಯೆಗಳ ಕುರಿತೇ ಒಂದು ಕಿರುಹೊತ್ತಗೆ ಬರೆದಾಗ ಅವನ್ನು ಎರಡಾಗಿ ವಿಂಗಡಿಸಿದ. ಒಂದು ವ್ಯಕ್ತಿಗಳ ವಿರುದ್ಧ ಹೊರಳುವಂಥದು, ಅದು ಹಿಂಸೆಯನ್ನು ಮುಂದುವರಿಸುತ್ತದೆ. ಇನ್ನೊಂದು ವಿಚಾರಗಳ ವಿರುದ್ಧ ಹೊರಳುವಂಥದು, ಅದು ಹಳೆಯ ಅನ್ಯಾಯಗಳನ್ನು ಮರಳಿ ಕರೆತಂದು ಕ್ರಾಂತಿಯನ್ನೇ ನಿಷ್ಫಲಗೊಳಿಸುತ್ತದೆ. ಮೊದಲನೆಯದು ಆ ಒಂದು ಪೀಳಿಗೆಯನ್ನು ಹಾಳುಗೆಡವಿದರೆ, ಎರಡನೆಯದರ ಭಾರ ಮುಂದಿನ ಎಲ್ಲ ಪೀಳಿಗೆಗಳ ಮೇಲೂ ಬೀಳುತ್ತದೆ ಎಂಬುದು ಅವನ ವಾದ.