ಓಪನ್ ಸೋರ್ಸ್ ಭಾಷೆ ಅಂದ್ರೆ ಅದರಲ್ಲಿ ಓಪನ್ ಆದದ್ದು ಎಂತ?

ಉಡುಪಿ ಕಡೆಯ ಒಂದು ಕಾಲೇಜಿನ ವರ್ಕ್‌ಶಾಪ್ ಪೋಸ್ಟರ್ ವಾಟ್ಸಾಪಲ್ಲಿ ಬಂತು, "ಓಪನ್ ಸೋರ್ಸ್ ಭಾಷೆಗಳು" ಅಂತ ದಪ್ಪ ಅಕ್ಷರ, ಕೆಳಗೆ ಪೈಥಾನ್, ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗಳು, ಪಕ್ಕದಲ್ಲೇ ಮ್ಯಾಟ್‌ಲ್ಯಾಬ್! ಕೇಳಿದ್ರೆ "ಸ್ಟೂಡೆಂಟ್ಸಿಗೆ ಫ್ರೀ ಉಂಟಲ್ಲ ಸರ್" ಅಂತೆ. ಕಾಲೇಜು ಲೈಸೆನ್ಸಿಗೆ ದುಡ್ಡು ಕಟ್ಟಿದೆ ಮಾರಾಯ್ರೆ, ಅದಕ್ಕೆ ನಿಮ್ಗೆ ಫ್ರೀ. ಬಿಟ್ಟಿ ಸಿಗೋದು ಬೇರೆ, ಸೋರ್ಸ್ ಕೋಡ್ (ಪ್ರೋಗ್ರಾಮರ್ ಬರೆದ ಮೂಲ ಬರಹ) ನೋಡಿ, ತಿದ್ದಿ, ಹಂಚೋ ಹಕ್ಕು ಸಿಗೋದು ಬೇರೆ, ಓಪನ್ ಸೋರ್ಸ್ ಅಂದ್ರೆ ಆ ಹಕ್ಕು. ಆ ಜಾಗದಲ್ಲಿ ಅದೇ ಥರದ, ಆದ್ರೆ ಓಪನ್ ಆದ ಗ್ನೂ ಆಕ್ಟೇವ್ ಅಂತ ಹಾಕಿದ್ರೆ ಸರಿ ಇರ್ತಿತ್ತು. 1998ರಲ್ಲಿ ಕ್ರಿಸ್ಟೀನ್ ಪೀಟರ್ಸನ್ "ಓಪನ್ ಸೋರ್ಸ್" ಅನ್ನೋ ಹೆಸ್ರು ಸೂಚಿಸಿದ್ದೇ "ಫ್ರೀ ಸಾಫ್ಟ್‌ವೇರ್" ಅಂದ್ರೆ ಜನ ಬಿಟ್ಟಿ ಅಂದ್ಕೊಳ್ತಾರೆ ಅಂತ, ಈಗ ಓಪನ್ ಅಂದ್ರೂ ಬಿಟ್ಟಿ ಅಂತಲೇ ಅಂದ್ಕೊಳ್ತಾರೆ, ಎಂತ ಮಾಡೋದು.

ನಂಗೆ ಇದಕ್ಕಿಂತ ತಲೆ ಕೆಡೋದು "ಸಿ ಭಾಷೆ ಓಪನ್ ಸೋರ್ಸಾ?" ಅಂತ ಕೇಳಿದಾಗ. ಪ್ರಶ್ನೆಯೇ ಸರಿ ಇಲ್ಲ. ಯಕ್ಷಗಾನದ ಪ್ರಸಂಗ ಒಂದೇ ಇದ್ರೂ ಅದನ್ನು ಯಾವ ಮೇಳದವ್ರೂ ಆಡಬಹುದಲ್ವಾ, ಹಾಗೆ ಸಿ ಅಂದ್ರೆ ಒಂದು ನಿಯಮದ ಪುಸ್ತಕ, ಐಎಸ್ಒ ಸ್ಟ್ಯಾಂಡರ್ಡ್. ಆ ನಿಯಮದಂತೆ ಬರೆದ ಕೋಡನ್ನು ಕಂಪ್ಯೂಟರಿಗೆ ಅರ್ಥ ಆಗೋ ಹಾಗೆ ಮಾಡೋ ಪ್ರೋಗ್ರಾಮೇ ಕಂಪೈಲರ್. ಜಿಸಿಸಿ, ಕ್ಲ್ಯಾಂಗ್ ಅನ್ನೋ ಕಂಪೈಲರ್‌ಗಳು ಓಪನ್, ಮೈಕ್ರೋಸಾಫ್ಟಿನ ಸಿ ಕಂಪೈಲರ್ ಓಪನ್ ಅಲ್ಲ. ಅಂದ್ರೆ ಓಪನ್ ಆಗೋದು ಕಂಪೈಲರ್, ಲೈಬ್ರರಿ (ಮೊದಲೇ ಬರೆದಿಟ್ಟ ರೆಡಿ ಕೋಡ್) ಇತ್ಯಾದಿ. ನಿಯಮ ಯಾರು ಬದಲಾಯಿಸ್ತಾರೆ, ಹೆಸ್ರು ಯಾರದ್ದು, ಅದೆಲ್ಲ ಬೇರೆ ಬೇರೆ ಲೆಕ್ಕ.

ಜಾವಾ ನೋಡಿ. 2006ರ ನವೆಂಬರಲ್ಲಿ ಸನ್ ಕಂಪೆನಿ ತನ್ನ ಜಾವಾವನ್ನು ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಲ್ಲಿ ಬಿಡೋದಕ್ಕೆ ಶುರು ಮಾಡ್ತು, ಚಪ್ಪಾಳೆಯೂ ಬಿತ್ತು. ಆದ್ರೆ ಅಪಾಚೆ ಅನ್ನೋ ಓಪನ್ ಸೋರ್ಸ್ ಸಂಸ್ಥೆಯವ್ರು ಹಾರ್ಮೊನಿ ಅಂತ ತಮ್ಮದೇ ಜಾವಾ ಕಟ್ತಾ ಇದ್ರು, ಅದು ನಿಜವಾದ ಜಾವಾ ಅಂತ ಪ್ರೂವ್ ಮಾಡ್ಲಿಕ್ಕೆ ಬೇಕಾದ ಟೆಸ್ಟ್ ಕಿಟ್ಟಿಗೆ ಸನ್ ಹಾಕಿದ ಷರತ್ತನ್ನು ಅವ್ರು ಒಪ್ಪಲಿಲ್ಲ, ಕಿಟ್ ಸಿಗ್ಲಿಲ್ಲ, 2011ರಲ್ಲಿ ಪ್ರಾಜೆಕ್ಟೇ ನಿಂತೋಯ್ತು. ಸೋರ್ಸ್ ಓಪನ್, ಹೆಸ್ರಿನ ಬಾಗಿಲಿಗೆ ಬೀಗ! ಆಪಲ್‌ದ್ದೂ ಅಷ್ಟೆ, 2015ರ ಡಿಸೆಂಬರಲ್ಲಿ ತಮ್ಮ ಸ್ವಿಫ್ಟ್ ಭಾಷೆಯನ್ನು ಓಪನ್ ಮಾಡಿದ್ರು, ಲಿನಕ್ಸಲ್ಲೂ ಓಡ್ತದೆ, ಆದ್ರೆ ಐಫೋನ್ ಆ್ಯಪ್ ಬರೀಲಿಕ್ಕೆ ಬೇಕಾದ ಯುಐಕಿಟ್ ಅನ್ನೋ ಲೈಬ್ರರಿ ಓಪನ್ ಇಲ್ಲ. 2024ರ ಮಾರ್ಚಲ್ಲಿ ಮೋಜೊ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯ ಸೋರ್ಸ್ ಬಿಟ್ಟಾಗ ಕಂಪೈಲರ್ ಕೊಟ್ಟಿರ್ಲಿಲ್ಲ, ಆದ್ರೂ ನಮ್ಮ ಗ್ರೂಪಲ್ಲಿ "ಮೋಜೊ ಓಪನ್ ಸೋರ್ಸ್ ಆಯ್ತು" ಅಂತ ಮೆಸೇಜ್ ಓಡಾಡ್ತಾ ಇತ್ತು.

ಹಾಗಾದ್ರೆ ಕಂಪೆನಿ ಭಾಷೆಯನ್ನು ಓಪನ್ ಮಾಡ್ಬೇಕಾ? ಎಲ್ಲರೂ ಬಳಸ್ಲಿ ಅಂತ ಆಸೆ ಇದ್ರೆ ಮಾಡ್ಲೇಬೇಕು, ಮಂಗಳೂರಿನ ಸಣ್ಣ ಕಂಪೆನಿಯವ ತನ್ನ ಹತ್ತು ವರ್ಷದ ಕೋಡನ್ನು ನಾಳೆ ಮುಚ್ಚಿ ಹೋಗಬಹುದಾದ ಯಾರದ್ದೋ ಕಂಪೈಲರ್ ಮೇಲೆ ಕಟ್ತಾನಾ? 2020ರಲ್ಲಿ ಮೊಜಿಲ್ಲಾ ಜನರನ್ನು ಕಡಿಮೆ ಮಾಡಿದಾಗ್ಲೂ ಅಲ್ಲಿ ಬೆಳೆದ ರಸ್ಟ್ ಭಾಷೆ ನಿಲ್ಲಲಿಲ್ಲ, ಯಾಕಂದ್ರೆ ಕೋಡ್ ಹೊರಗಿನವ್ರ ಕೈಯಲ್ಲೂ ಇತ್ತು. ಅದೇ ವುಲ್ಫ್ರಾಮ್ ಭಾಷೆಯವ್ರಿಗೆ ಭಾಷೆಯೇ ವ್ಯಾಪಾರ, ಅವ್ರು ಮುಚ್ಚಿಟ್ಟು ಮಾರ್ತಾರೆ, ಅದಕ್ಕೆ ನನ್ನದೇನೂ ತಕರಾರಿಲ್ಲ. ಲೈಬ್ರರಿ ಮಾತ್ರ ಕೊಟ್ಟು ಕಂಪೈಲರ್ ಇಟ್ಕೊಂಡವ್ರನ್ನು ಮಾತ್ರ "ಓಪನ್ ಸೋರ್ಸ್ ಭಾಷೆ" ಅಂತ ಕರೀಬೇಡಿ, "ಲೈಬ್ರರಿ ಓಪನ್, ಕಂಪೈಲರ್ ಅಲ್ಲ" ಅಂತ ಹೇಳಿ.