ಹಾರ್ಮೋನ್ ವರದಿ ಸಹಜ, ಆದರೂ ನಿದ್ದೆ ಇಲ್ಲ. ಏಕೆ?

ಪ್ರಶ್ನೆ: ನನಗೆ 47 ವರ್ಷ. ಮುಟ್ಟು ಒಮ್ಮೆ ಇಪ್ಪತ್ತೇ ದಿನಕ್ಕೆ ಬಂದರೆ ಇನ್ನೊಮ್ಮೆ ಎರಡು ತಿಂಗಳಾದರೂ ಸುಳಿವಿಲ್ಲ. ನಡುರಾತ್ರಿ ಬೆವರಿ ಎಚ್ಚರವಾಗುತ್ತದೆ, ಸಣ್ಣದಕ್ಕೂ ಸಿಡುಕು. ಹಾರ್ಮೋನ್ ಪರೀಕ್ಷೆಯಲ್ಲಿ ಎಲ್ಲವೂ ಸಹಜವಂತೆ. ಹಾಗಾದರೆ ನನಗೆ ಆಗಿರುವುದೇನು?

ಉತ್ತರ: ನಿಮ್ಮ ಕೈಲಿರುವ ವರದಿಗಿಂತ ನೀವು ಬರೆದಿರುವ ಈ ಸಾಲುಗಳೇ ವೈದ್ಯರಿಗೆ ಹೆಚ್ಚು ಉಪಯುಕ್ತ. ಇವು ಋತುಬಂಧಕ್ಕೆ ಮುಂಚಿನ ಹಂತದ ಲಕ್ಷಣಗಳಾಗಿರುವ ಸಂಭವವೇ ಹೆಚ್ಚು. ಈ ಹಂತದಲ್ಲಿ ಹೆಣ್ಣಿನ ಮುಖ್ಯ ಹಾರ್ಮೋನ್ ಆದ ಈಸ್ಟ್ರೋಜನ್ ಒಂದೇ ಸಮನೆ ಇಳಿಯುವುದಿಲ್ಲ. ಒಂದು ವಾರ ಉಕ್ಕುತ್ತದೆ, ಇನ್ನೊಂದು ವಾರ ಬತ್ತುತ್ತದೆ. ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ಕೂಡ ಹಾಗೆಯೇ ಏರಿಳಿಯುತ್ತದೆ. ರಕ್ತ ಕೊಟ್ಟ ಆ ದಿನ ಮಟ್ಟ ಎಷ್ಟಿತ್ತು ಎಂಬುದಷ್ಟೇ ವರದಿಯಲ್ಲಿರುತ್ತದೆ. ಹಾಗಾಗಿ 45 ದಾಟಿದವರಲ್ಲಿ ಮುಟ್ಟಿನ ಬದಲಾವಣೆ ಮತ್ತು ಲಕ್ಷಣಗಳನ್ನು ಕೇಳಿಯೇ ಈ ಹಂತವನ್ನು ಗುರುತಿಸಬಹುದು. 40ರೊಳಗೇ ಹೀಗಾದರೆ ಮಾತ್ರ ಹಾರ್ಮೋನ್ ಪರೀಕ್ಷೆ ಬೇಕೇ ಬೇಕು.

ಹಾಗೆಂದು ಎಲ್ಲವನ್ನೂ ‘ವಯಸ್ಸಿನದು’ ಎಂದು ತಳ್ಳಿಹಾಕುವುದೂ ಸರಿಯಲ್ಲ, ದುರದೃಷ್ಟಕ್ಕೆ ಹಾಗೆ ಮಾಡುವವರು ಕಡಿಮೆಯಿಲ್ಲ. ನಿಮ್ಮ ಸಿಡುಕನ್ನೇ ನೋಡಿ. ಈಸ್ಟ್ರೋಜನ್ ಏರುಪೇರಾದಾಗ ಮಿದುಳಿನ ತಾಪ ನಿಯಂತ್ರಣ ಸೂಕ್ಷ್ಮವಾಗುತ್ತದೆ. ಮೈಬಿಸಿ ಚೂರೇ ಏರಿದರೂ ರಕ್ತನಾಳಗಳು ಹಿಗ್ಗಿ, ಬೆವರು ಕಿತ್ತುಕೊಂಡು ಬಂದು ನಿದ್ದೆ ಹಾರಿಹೋಗುತ್ತದೆ. ವಾರಗಟ್ಟಲೆ ನಿದ್ದೆಗೆಟ್ಟರೆ ಯಾರಿಗಾದರೂ ಸಿಡುಕು ಬಂದೀತು. ಆದರೆ ಥೈರಾಯ್ಡ್ ಹೆಚ್ಚಾದರೂ ಬೆವರು, ನಿದ್ರಾಹೀನತೆ ಇರುತ್ತವೆ. ಮುಟ್ಟಿನಲ್ಲಿ ಸ್ರಾವ ಹೆಚ್ಚಿ ರಕ್ತಹೀನತೆ ಆದರೂ ಸುಸ್ತು ಇರುತ್ತದೆ. ಖಿನ್ನತೆಯೂ ಇದೇ ವಯಸ್ಸಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳಬಹುದು. ಇವುಗಳಲ್ಲಿ ನಿಮ್ಮದು ಯಾವುದು ಎಂದು ಬಿಡಿಸಿ ನೋಡದೆ ಚಿಕಿತ್ಸೆ ಶುರು ಮಾಡುವುದು ಕತ್ತಲಲ್ಲಿ ತಡಕಾಡಿದಂತೆ.

ಚಿಕಿತ್ಸೆಯೂ ಒಬ್ಬರಿಗಿದ್ದಂತೆ ಇನ್ನೊಬ್ಬರಿಗಿಲ್ಲ. ಬಿಸಿಯೇರುವಿಕೆಗೆ ಈಸ್ಟ್ರೋಜನ್‌ನಷ್ಟು ಪರಿಣಾಮಕಾರಿ ಮದ್ದು ಬೇರಿಲ್ಲ, ಆದರೆ ಗರ್ಭಕೋಶ ಇರುವವರು ಜೊತೆಗೆ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಹಾರ್ಮೋನ್ ತೆಗೆದುಕೊಳ್ಳಲೇಬೇಕು. ಇಲ್ಲವಾದರೆ ಒಳಪದರ ಬೆಳೆದು ಕ್ಯಾನ್ಸರ್‌ನ ಅಪಾಯ ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟುವ ಭಯವಿದ್ದರೆ ಮಾತ್ರೆಗಿಂತ ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಜೆಲ್ ಮೇಲು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಹಾರ್ಮೋನ್ ಕೊಡುವುದಿಲ್ಲ. ಅವರಿಗೆ ಹಾರ್ಮೋನ್ ಇಲ್ಲದ ಔಷಧಗಳಿವೆ, ಆಪ್ತಸಮಾಲೋಚನೆಯ ಒಂದು ಬಗೆಯಾದ ಸಿಬಿಟಿಯೂ ನೆರವಾಗುತ್ತದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹಾರ್ಮೋನ್ ಬಗ್ಗೆ ಹುಟ್ಟಿಸಿದ ಹೆದರಿಕೆ ಇನ್ನೂ ಹೋಗಿಲ್ಲ. ಅದರಲ್ಲಿದ್ದವರ ಸರಾಸರಿ ವಯಸ್ಸು ಸುಮಾರು 63. ಅರವತ್ತರೊಳಗೆ ಅಥವಾ ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಲ್ಲಿ ಲಾಭವೇ ಸಾಮಾನ್ಯವಾಗಿ ಹೆಚ್ಚು.

ಒಂದು ಎಚ್ಚರಿಕೆ: ಜೊಲ್ಲಿನ ಪರೀಕ್ಷೆ ಮಾಡಿ ‘ನಿಮಗಾಗಿಯೇ’ ಬೆರೆಸಿಕೊಡುವ ಹಾರ್ಮೋನ್ ಮಿಶ್ರಣಗಳನ್ನು ನಾನಂತೂ ನಂಬುವುದಿಲ್ಲ. ಅವುಗಳ ಪ್ರಮಾಣಕ್ಕೆ ಖಾತರಿಯಿಲ್ಲ, ಜೊಲ್ಲಿನಲ್ಲಿ ಹಾರ್ಮೋನ್ ಅಳೆದು ಡೋಸ್ ನಿರ್ಧರಿಸಲು ಆಧಾರವೂ ಇಲ್ಲ.

ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಮೂರು ತಿಂಗಳ ಮುಟ್ಟಿನ ದಿನಾಂಕ, ಸ್ರಾವ ಎಷ್ಟಿತ್ತು, ಎಷ್ಟು ರಾತ್ರಿ ಎಚ್ಚರವಾಯಿತು ಎಂದು ಬರೆದುಕೊಂಡು ಹೋಗಿ. ರಕ್ತದೊತ್ತಡ, ತಾಯಿಗೆ ಮೂಳೆ ಮುರಿದಿತ್ತೇ, ಮನೆಯಲ್ಲಿ ಸ್ತನ ಕ್ಯಾನ್ಸರ್ ಇದೆಯೇ ಎಂಬುದನ್ನೂ ಹೇಳಿ. ಯೋನಿಯ ಒಣತನ, ಮೂತ್ರದ ತೊಂದರೆ ಇದ್ದರೆ ಸಂಕೋಚ ಬೇಡ. ಅದಕ್ಕೆ ಹಚ್ಚುವ ಔಷಧವಿದೆ. ಗರ್ಭ ಬೇಡವೆಂದಿದ್ದರೆ ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭನಿರೋಧಕ ನಿಲ್ಲಿಸಬೇಡಿ. ಹನ್ನೆರಡು ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿಕೊಳ್ಳಿ.