ಸೀತಾಳೆ ದಂಡೆಯನ್ನು ಮರಕ್ಕೆ ಕಟ್ಟುವುದು: ಬೇರಿನ ತುದಿಯ ಲೆಕ್ಕ

ಸೀತಾಳೆ ದಂಡೆ, ಅಂದರೆ ರಿಂಕೊಸ್ಟೈಲಿಸ್ ರೆಟ್ಯೂಸಾ ಎಂಬ ಆರ್ಕಿಡ್, ಬಂದಳಿಕೆಯಲ್ಲ. ಮರದ ರಸ ಹೀರುವುದಿಲ್ಲ. ತೊಗಟೆ ಅದಕ್ಕೆ ಕೂರುವ ಜಾಗ, ಅಷ್ಟೆ. ಕಾಡಿನ ಗಿಡ ಕೀಳಬೇಡಿ, ನರ್ಸರಿಯಲ್ಲಿ ಬೆಳೆಸಿದ್ದು ತನ್ನಿ.

ಮರ: ಮಾವು, ಹಲಸು. ಪೇರಳೆ, ನೀಲಗಿರಿ ಬೇಡ. ಸಿಪ್ಪೆ ಕಳಚಿದರೆ ಗಿಡವೂ ಕೆಳಗೆ. ಬಿಸಿಲು ಎಲೆಗಳ ನಡುವೆ ಸೋಸಿ ಬೀಳುವ ಕವಲು ನೋಡಿ.

ಬೇರು (ಎಡವುವುದೆಲ್ಲ ಇಲ್ಲೇ)

ಹಳೆ ಬೇರು ಎಷ್ಟೇ ಒತ್ತಿ ಕಟ್ಟಿದರೂ ತೊಗಟೆಗೆ ಅಂಟುವುದಿಲ್ಲ. ಅದರ ಬಿಳಿ ಹೊದಿಕೆ, ವೆಲಾಮೆನ್, ಸತ್ತ ಕೋಶಗಳದ್ದು. ನೀರು ಹೀರುತ್ತದೆ, ಹಿಡಿತ ಹೊಸದಾಗಿ ಹುಟ್ಟಿಸಲಾರದು. ಅಂಟುವುದು ಬೆಳೆಯುತ್ತಿರುವ ತುದಿ ಮಾತ್ರ: ತೊಗಟೆ ಸೋಕಿದ ಕಡೆ ಸೂಕ್ಷ್ಮ ರೋಮ ಹೊರಡಿಸಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ನಾವು ಕಟ್ಟುವ ಪಟ್ಟಿಯ ಕೆಲಸ ಹೊಸ ಬೇರು ಬರುವತನಕ ಗಿಡ ಕದಲದಂತೆ ಹಿಡಿಯುವುದು. ಗಾಳಿಗೆ ಗಿಡ ಚೂರು ಅಲುಗಿದರೂ ತುದಿ ತೊಗಟೆಗೆ ಉಜ್ಜಿ ಕಂದು ಬಣ್ಣಕ್ಕೆ ತಿರುಗಿ ಬೆಳೆಯುವುದು ನಿಲ್ಲುತ್ತದೆ. ಹಿಂದಿನಿಂದ ಕವಲು ಬೇರು ಬರಬಹುದು, ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ.

ಇದರಿಂದಲೇ ಕಾಲವೂ ನಿರ್ಧಾರ: ಮುಂಗಾರಿನ ಆರಂಭ, ಹಸಿರು ತುದಿಗಳು ಅರ್ಧ ಸೆಂ.ಮೀ. ಇರುವಾಗ. ಉದ್ದವಾದ ಮೇಲೆ ಕಟ್ಟಲು ಹೋದರೆ ಪಟಪಟ ಮುರಿಯುತ್ತವೆ.

ಕಟ್ಟುವ ಮೊದಲು ಬೇರನ್ನು 15–20 ನಿಮಿಷ ನೀರಲ್ಲಿಡಿ, ಬಾಗುತ್ತದೆ. ಹಿಸುಕಿದರೆ ಟೊಳ್ಳಾದದ್ದನ್ನು ಕತ್ತರಿಸಿ. ಹಳೆ ಬನಿಯನ್ನಿನ 2 ಸೆಂ.ಮೀ. ಅಗಲದ ಪಟ್ಟಿಯಿಂದ ಎರಡು ಕಟ್ಟು: ಬೇರಿನ ಬುಡಕ್ಕೊಂದು, ಕೆಳಗಿನ ಎಲೆಗಳ ನಡುವೆ ಕಾಂಡಕ್ಕೊಂದು. ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕದಲಿದರೆ ಬಿಚ್ಚಿ ಮತ್ತೆ ಕಟ್ಟಿ. ಬಾಳೆನಾರು ನೋಡಲು ಚಂದ, ಆದರೆ ಬೇರು ಹಿಡಿಯುವ ಮೊದಲೇ ಕೊಳೆಯುತ್ತದೆ. ತಾಮ್ರದ ತಂತಿಯಂತೂ ಬೇಡವೇ ಬೇಡ, ತಾಮ್ರ ಬೇರಿನ ತುದಿಗೆ ವಿಷ.

ಸುಳಿ ಹೊರಕ್ಕೆ ವಾಲಿರಲಿ. ಈ ಗಿಡಕ್ಕೆ ಬೆಳೆಯುವ ಸುಳಿ ಒಂದೇ. ಅಲ್ಲಿ ನೀರು ನಿಂತು ಕೊಳೆತರೆ ಹೊಸ ಎಲೆ ಬರುವುದು ಅಲ್ಲಿಗೇ ನಿಂತಿತು.

ನೀರು: ಒಣಗಿದ ಬೇರು ಬೆಳ್ಳಿಬಿಳಿ, ನೆನೆದದ್ದು ಹಸಿರು. ಬೆಳ್ಳಗಾದ ಮೇಲೆಯೇ ನೀರು. ಬೇರಿನ ಮೇಲೆ ಪಾಚಿ ತುರುಕಿದರೆ ಬಿಳುಪು ಬರುವುದೇ ಇಲ್ಲ, ಕೊಳೆ ಶುರು.

ಗೊಬ್ಬರ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ, ನೀರಲ್ಲಿ ಕರಗುವ ಗೊಬ್ಬರ), ಲೀಟರ್ ನೀರಿಗೆ ಅರ್ಧ ಗ್ರಾಂ, ಬೆಳವಣಿಗೆಯ ಕಾಲದಲ್ಲಿ 15 ದಿನಕ್ಕೊಮ್ಮೆ ಬೇರಿಗೆ ಸಿಂಪರಣೆ.

ತುದಿಗಳು ರಾತ್ರೋರಾತ್ರಿ ಮಾಯವಾದರೆ ಬಸವನಹುಳು. ಟಾರ್ಚ್ ಹಿಡಿದು ಹೆಕ್ಕಿ ತೆಗೆಯಿರಿ. ನಾಲ್ಕಾರು ಹೊಸ ಬೇರು ತೊಗಟೆಗೆ ಚಪ್ಪಟೆಯಾಗಿ ಅಂಟಿ ಮುಂದಕ್ಕೆ ಹರಿದ ಮೇಲೆ ಪಟ್ಟಿ ಬಿಚ್ಚಬಹುದು.